ನಿಂತ ನೆಲದ ಮಂತ್ರ

ವಾಸಾ, ವಿಸ್ಕಾನ್ಸಿನ್
ಮಾರ್ಚ್ ೧೦, ಭಾನುವಾರ

ಪ್ರೀತಿಯ ಮಗಳೇ ಕೊರಿನ್,

ಹೇಗಿದ್ದೀಯಮ್ಮ? ಕೋಡಿಯಾಕ್‌ನಲ್ಲಿ ಇಲ್ಲಿಗಿಂತ ಚಳಿ ಕಡಿಮೆ ಎಂದು ಟಿವಿಯಲ್ಲಿ ಹೇಳಿದರು, ನಾನು ನಂಬಲಿಲ್ಲ. ಸಮುದ್ರದ ಗಾಳಿಗೆ ಮೈಯೊಡ್ಡಿ ದೋಣಿಗಳಿಗೆ ಬೆಸುಗೆ ಹಾಕುವವಳ ಚಳಿ ಟಿವಿಯವರಿಗೇನು ಗೊತ್ತು? ಕೈ ಸುಟ್ಟರೆ ಮುಲಾಮು ಹಚ್ಚಿಕೊ. ನಿನ್ನ ಅಪ್ಪನ ಹಾಗೆ ಪ್ಯಾಂಟಿಗೆ ಒರೆಸಿಕೊಂಡು ಸುಮ್ಮನಾಗಬೇಡ. ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದೇ ಇದೆ, ಡಾಕ್ಟರು ಸಾಸೇಜ್ ಬಿಡು ಎಂದಿದ್ದಾರೆ, ನಾನು ಡಾಕ್ಟರನ್ನೇ ಬಿಟ್ಟಿದ್ದೇನೆ.

ನಾನು ಪತ್ರ ಬರೆಯುವ ಜಾತಿಯವನಲ್ಲ, ನಿನಗೇ ಗೊತ್ತು. ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಟನ್‌ಗಟ್ಟಲೆ ಕಾಗದ ಮಾಡಿದೆ, ಅದರ ಮೇಲೆ ನಾಲ್ಕು ಸಾಲು ಗೀಚಿದವನಲ್ಲ. ಆದರೆ ಹದಿನಾರು ತಿಂಗಳಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಯಾಕೆಂದು ಕೇಳುವಷ್ಟು ದಡ್ಡನಲ್ಲ ನಾನು. ಅಮ್ಮನನ್ನು ಮಣ್ಣು ಮಾಡಿ ಮೂರು ವಾರಕ್ಕೆ ನೀನು ಚೀಲ ಹಿಡಿದು ಹೊರಟಾಗ ಬಾಗಿಲಲ್ಲಿ ನಿಂತು ಅಂದೆನಲ್ಲ, "ಹೋಗು, ಕಷ್ಟ ಬಂದ ಕೂಡ್ಲೇ ಓಡಿಹೋಗೋದೇ ನಿನ್ ಬುದ್ಧಿ" ಅಂತ. ಆಮೇಲೆ ಊರಿಗೆಲ್ಲ ಅದನ್ನೇ ಹೇಳಿಕೊಂಡು ತಿರುಗಿದೆ. ನಿನ್ನೆ ಏನಾಯಿತೆಂದು ನಿನಗೆ ಹೇಳದಿದ್ದರೆ ನನಗೆ ಅನ್ನ ನೀರು ಇಳಿಯುವುದಿಲ್ಲ.

ಮಾಡಿನ ಮೇಲೆ ಹಿಮಗಡ್ಡೆ ಕಟ್ಟಿ ನೀರು ನಿನ್ನ ಕೋಣೆಯೊಳಗೆ ಸೋರತೊಡಗಿತ್ತು. ಕಪಾಟಿನ ಮೇಲಿದ್ದ ಪೆಟ್ಟಿಗೆ ನೆನೆಯಬಾರದೆಂದು ಇಳಿಸಿದೆ. ಒಳಗೆ ನಿನ್ನ ಆಟದ ಸಾಮಾನು: ಇಪ್ಪತ್ತು ಮುಖದ ದಾಳಗಳು, ಬೆರಳುದ್ದದ ಒಂದು ಗೊಂಬೆ, ಬೆಸುಗೆ ತಂತಿ ಬಗ್ಗಿಸಿ ಮಾಡಿದ ಬಳೆ, ಒಂದು ಫೈಲು. ಇಟ್ಟುಕೊಂಡು ನಾನೇನು ಮಾಡಲಿ ಎಂದು ಶನಿವಾರ ಮಧ್ಯಾಹ್ನ ಲೈಬ್ರರಿಯ ನೆಲಮಾಳಿಗೆಗೆ ಹೊತ್ತುಕೊಂಡು ಹೋದೆ, ನಿನ್ನ ಗೆಳೆಯರಿಗೆ ಕೊಟ್ಟು ಬಂದುಬಿಡೋಣ ಅಂತ. ಶಾಲಾ ಬಸ್ ಓಡಿಸುತ್ತಿದ್ದ ಜೋಲೀನ್ ಇದ್ದಳು, ಈಗಲೂ ಕಥೆ ಹೇಳಿ ಆಟ ನಡೆಸುವವಳು ಅವಳೇ. ಎಲೆಕ್ಟ್ರಿಷಿಯನ್ ಪಾವ್, ಅವನ ಹೆಂಡತಿ ಮಾಯ್ ಇದ್ದರು. ನಾಲ್ಕನೆಯ ಕುರ್ಚಿ ಖಾಲಿ. ಯಾರದು ಎಂದೆ. "ಕೊರಿನ್‌ದು" ಎಂದಳು ಮಾಯ್, ಇದೇನು ಕೇಳುವ ಮಾತು ಎನ್ನುವ ಹಾಗೆ. ಆಟದ ಕಥೆಯೊಳಗಿನ ನಿನ್ನ ಪಾತ್ರ, ಆ ಮಂತ್ರಗಾತಿ ಬ್ರಿಂಡಾ, ಬಂಡಿಯಲ್ಲಿ ಮಲಗಿದ್ದಾಳಂತೆ! ಪ್ರತಿ ಶನಿವಾರ ಆಟ ಶುರುವಾಗುವ ಮೊದಲು ಜೋಲೀನ್ "ಬ್ರಿಂಡಾ ಬಂಡೀಲಿ ಮಲಗಿದಾಳೆ, ಹೊದಿಕೆ ಸರಿ ಮಾಡಿ" ಎನ್ನುತ್ತಾಳೆ, ಪಾವ್ "ಆಯ್ತು, ಹೊದಿಸ್ದೆ" ಎನ್ನುತ್ತಾನೆ. ಹದಿನಾರು ತಿಂಗಳು ಹೀಗೇ ನಡೆದಿದೆ. ನಾನು ನಕ್ಕುಬಿಟ್ಟೆ. ನಮ್ಮ ಮನೇಲೂ ಭಾನುವಾರ ಹೀಗೇ ಬಿದ್ಕೊಂಡಿರ್ತಿದ್ಲು ಎಂದೆ. ಅವರು ಯಾರೂ ನಗಲಿಲ್ಲ.

ನಿನ್ನೆಯ ಆಟದಲ್ಲಿ ಅವರು ಪೇಚಿಗೆ ಸಿಕ್ಕಿದ್ದರು. ಸುಟ್ಟುಹೋದ ಹಳ್ಳಿಯೊಂದರ ಮೂವತ್ತು ಜನ, ಮುದುಕರು ಮಕ್ಕಳು, ಹೊಳೆ ದಾಟಬೇಕು. ಹಿಂದೆ ನಲವತ್ತು ಮಂದಿ ದಾಳಿಕೋರರು. ಕಾಪಾಡುವವರು ಇಬ್ಬರೇ. ನಾನು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಸುಮ್ಮನಿರಲಾರದೆ, ಹಾಗಾದ್ರೆ ಅವಳನ್ನೆಬ್ಬಿಸಿ, ಇವತ್ತೊಂದಿನ ನಾನಾಡ್ತೀನಿ ಎಂದೆ. "ಯೋಚ್ನೆ ಮಾಡು ನಾರ್ಬ್" ಎಂದಳು ಜೋಲೀನ್, "ಮಲಗಿರೋವರ್ಗೂ ಅವಳ್ನ ಯಾರೂ ಮುಟ್ಟಂಗಿಲ್ಲ. ಎದ್ದಮೇಲೆ ಎಲ್ರ ಹಾಗೇ ಅವಳೂ ಸಾಯ್ಬೋದು." ಅಯ್ಯೋ, ಕಾಗದದ ಮೇಲಿನ ಹುಡುಗಿಗೆ ಇಷ್ಟೆಲ್ಲ ಉಪಚಾರವೇ ಎಂದುಕೊಂಡು ಕುರ್ಚಿ ಎಳೆದು ಕೂತೆ. ನಿನ್ನ ಕುರ್ಚಿ ನನ್ನ ಮಂಡಿಗೆ ಸ್ವಲ್ಪ ತಗ್ಗು.

ಪಾವ್ ನಿನ್ನ ಫೈಲು ತೆರೆದು ಒಂದು ಹಾಳೆ ತೋರಿಸಿದ. ನೀನೇ ಕಟ್ಟಿದ ಮಂತ್ರ, ಹೆಸರು 'ನಿಂತ ನೆಲ'. ಯಾವ ಪುಸ್ತಕದಲ್ಲೂ ಇಲ್ಲವಂತೆ, ಜೋಲೀನ್ ಮೂರು ವಾರ ಪರೀಕ್ಷೆ ಮಾಡಿ ಒಪ್ಪಿಕೊಂಡಳಂತೆ. ಮಂತ್ರ ಹಾಕಿದವಳ ಸುತ್ತ ಒಂದು ವೃತ್ತ. ಒಳಗೆ ಸಿಕ್ಕ ಶತ್ರುಗಳ ಕಾಲನ್ನು ನೆಲ ಮಂಡಿವರೆಗೆ ಹಿಡಿಯುತ್ತದೆ, ಹೊರಗಿದ್ದವರು ಒಳಬರಲಾರರು, ನಮ್ಮವರು ಮಾತ್ರ ಓಡಾಡಬಹುದು. ಆದರೆ ಈಟಿ ಕಲ್ಲು ಎಸೆದರೆ ತಡೆಯುವುದಿಲ್ಲ. ಕೊನೆಗೆ ನಿನ್ನ ಕೈಬರಹದಲ್ಲಿ, "ಹಾಕಿದವಳು ಕದಲಬಾರದು. ಒಂದು ಹೆಜ್ಜೆ ಇಟ್ಟರೂ ಮಂತ್ರ ಮುಗಿಯಿತು." ಚೌಕುಳಿ ನಕ್ಷೆಯ ಮೇಲೆ ಹೊಳೆ ದಾಟುವ ಜಾಗಕ್ಕೆ ಗೊಂಬೆ ನಿಲ್ಲಿಸಿ ಸುತ್ತ ನಿನ್ನ ತಂತಿ ಬಳೆ ಇಟ್ಟೆ. ಹತ್ತೊಂಬತ್ತು ಶತ್ರುಗಳು ಅಲ್ಲೇ ಹೂತುಕೊಂಡರು ನೋಡು! ಉಳಿದವರು ಬೇಲಿಯಾಚೆಯ ದನಗಳ ಹಾಗೆ ಸುತ್ತತೊಡಗಿದರು. ನಾನು ಮೇಜು ಗುದ್ದಿ ಕೂಗಿದೆ, ಮೇಲಿಂದ ಲೈಬ್ರರಿಯವರು ಬಂದು ಮೆಲ್ಲಗೆ ಎಂದರು.

ಎರಡನೆಯ ಸುತ್ತಿಗೆ ಈಟಿಗಳು ಬಂದವು. ಬ್ರಿಂಡಾಳ ಪ್ರಾಣದ ಅಂಕಿ ಐವತ್ತೆರಡಿದ್ದದ್ದು ಮೂವತ್ತಕ್ಕಿಳಿಯಿತು. ಮೂರನೆಯ ಸುತ್ತಿಗೆ ಒಂಬತ್ತು. ಮಾಯ್‌ಳ ಪಾತ್ರ ಒಬ್ಬ ಮುದುಕಿಯನ್ನು ಹೊತ್ತು ಹೊಳೆಯ ನಡುವೆ ಇತ್ತು, ಹನ್ನೊಂದು ಜನ ಇನ್ನೂ ಈ ದಡದಲ್ಲೇ. "ಅಂಕಲ್, ಇನ್ನೊಂದೇ ಸುತ್ತು ನಿಂತ್ಕೊಳಿ, ಸಾಕು" ಎಂದ ಪಾವ್. ನನ್ನ ಕಣ್ಣಿಗೆ ಕಂಡದ್ದು ನಿನ್ನ ಗೊಂಬೆ ಮತ್ತು ಆಚೆ ದಡದವರೆಗೆ ಖಾಲಿಯಿದ್ದ ಚೌಕಗಳು ಮಾತ್ರ. ಸರೀತೀನಿ ಎಂದೆ. "ಖಂಡಿತಾನಾ?" ಎಂದಳು ಜೋಲೀನ್. ಹೂಂ ಎಂದೆ. "ನಾರ್ಬ್, ಇನ್ನೊಂದ್ಸಲ ಕೇಳ್ತಿದೀನಿ, ಖಂಡಿತಾನಾ?" ಎಂದಳು. ಅಷ್ಟರಲ್ಲಿ ಕೈಯೇ ಗೊಂಬೆಯನ್ನು ಎತ್ತಿ ಆಚೆ ದಡಕ್ಕೆ ಇಟ್ಟುಬಿಟ್ಟಿತ್ತು.

ಜೋಲೀನ್ ತಂತಿ ಬಳೆಯನ್ನು ನಕ್ಷೆಯಿಂದ ತೆಗೆದಳು. ನಲವತ್ತೂ ಜನ ಒಟ್ಟಿಗೆ ಬಂದರು. ದಡದಲ್ಲಿದ್ದ ಹನ್ನೊಂದು ಜನ ಹೋದರು. ಅವರಿಗೆ ಅಡ್ಡ ನಿಂತ ಪಾವ್‌ನ ಕುಳ್ಳ ಸಿಪಾಯಿ ಹೋದ. ಮುದುಕಿಯ ಸಮೇತ ಮಾಯ್ ಹೋದಳು. ಬ್ರಿಂಡಾ ಬದುಕಿದಳು ಕೊರಿನ್! ಒಂಬತ್ತು ಪ್ರಾಣ ಇಟ್ಟುಕೊಂಡು ಆಚೆ ದಡದಲ್ಲಿ ಒಬ್ಬಳೇ ನಿಂತಿದ್ದಳು. ಯಾರೂ ಬಯ್ಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಪಾವ್ "ಹನ್ನೆರಡು ವರ್ಷ ಸಾಕಿದ್ದೆ ಅಂಕಲ್ ಅವನ್ನ, ಇರ್ಲಿ ಬಿಡಿ, ಊಟಕ್ಕೇನ್ ಕಮ್ಮಿ ತಿಂತಿದ್ನಾ" ಎಂದು ನಗಿಸಲು ನೋಡಿದ. ಮಾಯ್ ಚೀಸ್ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ನಾನು ಹಲ್ಲು ಕಿರಿದು, ಕೊರಿನ್ ಇದ್ದಿದ್ರೂ ಇದನ್ನೇ ಮಾಡ್ತಿದ್ಲು ಬಿಡಿ, ಅವಳೂ ಓಡೋಳೇ ಎಂದೆ. ಆಗ ಜೋಲೀನ್ ನನ್ನ ಮುಖ ನೋಡಿದಳು. "ಆರು ವರ್ಷದಲ್ಲಿ ನಿನ್ ಮಗಳು ಈ ಮಂತ್ರ ಎಷ್ಟ್ ಸಲ ಹಾಕಿದಾಳೋ ಲೆಕ್ಕ ಇಲ್ಲ. ಒಂದ್ ಪ್ರಾಣ ಉಳ್ದಿದ್ದಾಗ್ಲೂ ನಿಂತಿದಾಳೆ. ಒಂದ್ಸಲಾನೂ ಕಾಲ್ ತೆಗ್ದಿಲ್ಲ ನಾರ್ಬ್" ಎಂದಳು.

ಹಗುರ ಮಾತಲ್ಲಮ್ಮ ಇದು. ಅಲ್ಲಿ ನನ್ನ ಪ್ರಾಣಕ್ಕೆ ಏನೂ ಆಗುತ್ತಿರಲಿಲ್ಲ. ಹೆಚ್ಚೆಂದರೆ ಪೆನ್ಸಿಲಿನ ಒಂದು ಅಂಕಿ ಅಳಿಸುತ್ತಿತ್ತು, ಅಷ್ಟೇ. ಆದರೂ ನನ್ನ ಕೈ ಓಡಿತು, ಕೇಳದೆ, ಯೋಚಿಸದೆ! ಅರವತ್ತೆಂಟು ವರ್ಷದಿಂದ ನಾನು ಎಂಥವನೆಂದು ತಿಳಿದುಕೊಂಡಿದ್ದೆನೋ ಅದು ಒಂದು ಮಧ್ಯಾಹ್ನದಲ್ಲಿ ಕಳಚಿಬಿತ್ತು. ಮನೆಗೆ ಬಂದವನು ಕೋಟು ಕೂಡ ತೆಗೆಯದೆ ಅಡುಗೆಮನೆಯಲ್ಲಿ ಕೂತಿದ್ದೆ.

ಈಗ ವಿಷಯ ಏನೆಂದರೆ, ಹೊಸಬನ ತಪ್ಪು, ಅಳಿಸಿ ಇನ್ನೊಮ್ಮೆ ಆಡೋಣ ಎನ್ನುತ್ತಾನೆ ಪಾವ್. ಅದು ಕೊರಿನ್ ತೀರ್ಮಾನ, ಅವಳ ಮಂತ್ರ, ಅವಳ ಹುಡುಗಿ ಎನ್ನುತ್ತಾಳೆ ಜೋಲೀನ್. ನೀನು ಹೇಳುವವರೆಗೆ ನಕ್ಷೆಯನ್ನು ಮಡಿಸುವುದಿಲ್ಲವಂತೆ. ಅವರಿಗೊಂದು ಸಾಲು ಬರೆ. ನನಗೆ ಬರೆಯದಿದ್ದರೂ ಅವರಿಗೆ ಬರೆ, ಒಳ್ಳೆಯ ಜನ.

ಮಾಡು ರಿಪೇರಿಯಾಗಿದೆ, ನಿನ್ನ ಕೋಣೆ ಒಣಗಿದೆ. ಬೆಚ್ಚಗಿರು, ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಅಮ್ಮ ಮಾರ್ಲಿಸ್ ಇದ್ದಿದ್ದರೆ ಕೊಡುತ್ತಿದ್ದ ಮುತ್ತುಗಳನ್ನೂ ನನ್ನವುಗಳ ಜೊತೆ ಸೇರಿಸಿಕೊ.

ನಿನ್ನ ಅಪ್ಪ,
ನಾರ್ಬರ್ಟ್

ತಾ. ಕ.: ಸೋಮವಾರ. ಅಂಚೆಯವಳ ಗಾಡಿ ಬೀದಿ ತುದಿಗೆ ಬಂದಿದೆ, ಬೇಗ ಬರೆಯುತ್ತೇನೆ. ಅಮ್ಮ ಹೋದ ದಿನ ಫೋನ್ ಸೈಲೆಂಟಿನಲ್ಲಿತ್ತು, ನಿನ್ನ ಕರೆ ಕೇಳಿಸಲಿಲ್ಲ ಎಂದು ನಿನಗೂ ಪಾದ್ರಿಗೂ ಎಲ್ಲರಿಗೂ ಹೇಳಿದೆನಲ್ಲ, ಅದು ಸುಳ್ಳು. ನೀನು ಏಳು ಸಲ ಮಾಡಿದ್ದೆ, ಏಳೂ ನನಗೆ ಕೇಳಿಸಿತು. ನಾನು ಕೆಳಗೆ ಆಸ್ಪತ್ರೆಯ ಪಾರ್ಕಿಂಗಿನಲ್ಲೇ ಟ್ರಕ್ಕಿನೊಳಗೆ ಇದ್ದೆ, ಮೂರನೆಯ ಮಹಡಿಯ ಕಿಟಕಿ ಕಾಣುತ್ತಿತ್ತು. ಮೇಲೆ ಬರಲು ಧೈರ್ಯವಾಗಲಿಲ್ಲ. ಗಾಡಿ ಶುರು ಮಾಡಿ ಹೊರಟುಹೋದೆ. ಅವಳ ಕೈ ಹಿಡಿದು ಕಡೆಯವರೆಗೆ ಇದ್ದವಳು ನೀನೊಬ್ಬಳೇ, ಆದರೂ ಬಾಗಿಲಲ್ಲಿ ನಿಂತು ಓಡಿಹೋಗುವವಳು ಎಂದು ನಿನ್ನನ್ನು ಬೈದವನು ನಾನು. ಅವಳು ನಾನೆಲ್ಲಿ ಎಂದು ಕೇಳಿದಳೇ ಕೊರಿನ್?