ಎಷ್ಟು ಎಣಿಸಬೇಕೆಂದು ಕೇಳಿದಿರಲ್ಲ

ಸರೋಜಕ್ಕ,

ನೀವು ಹೋಗಿ ಏಳು ತಿಂಗಳಾಯಿತು. ಈ ಕಾಗದವನ್ನು ಅದಕ್ಕೂ ಮುಂಚೆ ಬರೆಯಬೇಕಿತ್ತು.

ನಾನು ಮಕ್ಕಳ ವಾರ್ಡಿಗೆ ಬಂದ ಮೊದಲ ವಾರ ನೆನಪಿದೆಯೇ? ಜೆ.ಪಿ. ನಗರದ ನಮ್ಮ ಆಸ್ಪತ್ರೆಯಲ್ಲಿ ನೀವು ಹಿರಿಯ ಸಿಸ್ಟರ್, ನಾನು ಏನೂ ತಿಳಿಯದ ಹೊಸಬಳು. ಐದು ವರ್ಷದ ಹುಡುಗಿಗೆ ಡ್ರಿಪ್ ಸೂಜಿ ಹಾಕುವ ಮುಂಚೆ "ಏನೂ ಆಗಲ್ಲ ಪುಟ್ಟಿ, ಇರುವೆ ಕಚ್ಚಿದ ಹಾಗೆ" ಎಂದೆ. ನನ್ನನ್ನು ಹೊರಗೆ ಕರೆದು ಬೈದಿರಿ. "ಸುಳ್ಳು ಹೇಳಿದ್ರೆ ಇವತ್ತೊಂದು ಸೂಜಿ ಹಾಕ್ಬಹುದು ಕಣೇ. ನಾಳೆ ನಾಲ್ಕು ಜನ ಹಿಡ್ಕೋಬೇಕಾಗತ್ತೆ."

ಆಮೇಲೆ ನಿಮ್ಮ ಬಟ್ಟೆಯ ಗೊಂಬೆ ತಂದು, ಅದರ ಕೈಗೆ ಸೂಜಿ ಚುಚ್ಚಿ, ಪ್ಲಾಸ್ಟರ್ ಅಂಟಿಸಿ ಅವಳಿಗೆ ತೋರಿಸಿದಿರಿ. "ನೋವಾಗತ್ತೆ ಚಿನ್ನಾ. ಹತ್ತು ಎಣಿಸೋಷ್ಟ್ರಲ್ಲಿ ಮುಗಿಯತ್ತೆ. ಅಳ್ಬೇಕು ಅನ್ಸಿದ್ರೆ ಅಳು, ಕೈ ಮಾತ್ರ ಅಲ್ಲಾಡಿಸ್ಬೇಡ." ಅತ್ತಳು, ಎಣಿಸಿದಳು, ಕೈ ಅಲ್ಲಾಡಿಸಲಿಲ್ಲ. ಅಂದಿನಿಂದ ಪ್ರತಿ ಮಗುವಿಗೂ ನಾನು ಆ ಮಾತನ್ನೇ ಹೇಳಿಕೊಂಡು ಬಂದೆ.

ನಿಮ್ಮ ಬಯಾಪ್ಸಿ ರಿಪೋರ್ಟ್ ಬಂದ ದಿನ ನಿಮ್ಮ ಮಗ ಕಾರಿಡಾರಿನಲ್ಲಿ ನನ್ನ ಕೈ ಹಿಡಿದುಕೊಂಡ. "ಅಮ್ಮಂಗೆ ಅಲ್ಸರ್ ಅಂತ ಹೇಳಿದೀವಿ ಅಕ್ಕ. ನೀವೂ ಹಾಗೇ ಹೇಳ್ಬಿಡಿ. ಗೊತ್ತಾದ್ರೆ ಧೈರ್ಯ ಕಳ್ಕೋತಾರೆ." ಫೈಲು ನಿಮ್ಮ ಕಣ್ಣಿಗೆ ಬೀಳಬಾರದೆಂದು ಕಾರಿನಲ್ಲೇ ಇಟ್ಟಿದ್ದ. ನಾನು ತಲೆಯಾಡಿಸಿದೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ವಾರ್ಡಿನ ಮಕ್ಕಳಿಗೆ ಸಿಗುತ್ತಿದ್ದ ಮರ್ಯಾದೆ ನಿಮಗೆ ಸಿಗಲಿಲ್ಲ ನೋಡಿ...

ಮಾರನೆಯ ದಿನ ವಸಂತಪುರದ ನಿಮ್ಮ ಮನೆಗೆ ಬಂದೆ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಿರಿ. ತಿರುಗಿ, ನನ್ನನ್ನೇ ನೋಡುತ್ತಾ ಕೇಳಿದಿರಿ, "ಎಷ್ಟು ಎಣಿಸ್ಬೇಕು ಕಣೇ?"

ನನಗೆ ಅರ್ಥವಾಗಿತ್ತು ಅಕ್ಕ. ಆದರೂ "ಬರೀ ಅಲ್ಸರ್, ಮುಂದಿನ ತಿಂಗಳು ಎದ್ದು ಓಡಾಡ್ತೀರಿ" ಎಂದೆ. ನೀವು ಮತ್ತೆ ಗೋಡೆಯ ಕಡೆ ತಿರುಗಿದಿರಿ. ಆಮೇಲೆ ಯಾರನ್ನೂ ಏನೂ ಕೇಳಲಿಲ್ಲವಂತೆ. ಗೊತ್ತಿತ್ತೇ ನಿಮಗೆ? ಗೊತ್ತಿದ್ದೂ ಒಬ್ಬರೇ...

ಇವತ್ತು ಆರು ವರ್ಷದ ಹುಡುಗಿಯೊಬ್ಬಳಿಗೆ ಬೆನ್ನಿನಿಂದ ನೀರು ತೆಗೆಯುವುದಿತ್ತು. ನಿಮ್ಮ ಗೊಂಬೆಯನ್ನೇ ಮಗ್ಗುಲಾಗಿ ಮಲಗಿಸಿ, ಸೂಜಿ ಎಲ್ಲಿ ಹೋಗುತ್ತದೆಂದು ತೋರಿಸಿದೆ. "ಆಂಟಿ, ನೀವು ಸುಳ್ಳು ಹೇಳಲ್ಲ ತಾನೇ?" ಎಂದಳು. "ನಿಂಗೆ ಹೇಳಲ್ಲ" ಎಂದೆ.

ಅಕ್ಕ, ಅದು ಅಲ್ಸರ್ ಅಲ್ಲ, ಕ್ಯಾನ್ಸರ್. ಲಿವರಿಗೂ ಹಬ್ಬಿತ್ತು. ತುಂಬಾ ನೋವಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಎರಡು ತಿಂಗಳು ಎಂದಿದ್ದರು.

ಅರವತ್ತು ಅಕ್ಕ. ಅರವತ್ತು ಎಣಿಸಬೇಕಿತ್ತು. ನಾನು ನಿಮ್ಮ ಪಕ್ಕ ಕೂತು ಜೊತೆಗೆ ಎಣಿಸಬೇಕಿತ್ತು.