ಹಳೆಯದನ್ನು ಇಳಿಸದೆ ಸುರಿದ ಎಣ್ಣೆ

ನಮ್ಮ ಅಡುಗೆಮನೆಯ ಮೇಜಿನಿಂದ,
ಶನಿವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಯಜಮಾನಿಗೆ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೆ? ಬಾಣಂತಿ ಮಗಳು ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೆ? ಪುಟಾಣಿಯ ಅಳು ಬಸ್ಸಿನ ಹಾರನ್ನನ್ನೂ ಮೀರಿಸುತ್ತದೆ ಎಂದು ನೀನು ಬರೆದಿದ್ದೆ. ಅದು ನಿನ್ನ ತವರಿನ ಗುಣ, ನನ್ನ ತಲೆಗೆ ಕಟ್ಟಬೇಡ. ನಾನು ಚೆನ್ನಾಗಿದ್ದೇನೆ. ಎಷ್ಟು ಚೆನ್ನಾಗಿದ್ದೇನೆ ಎಂದು ಹೇಳಲಿಕ್ಕೇ ಈ ಕಾಗದ. ಫೋನಿನಲ್ಲಿ ಹೇಳೋಣವೆಂದರೆ ನೀನು ನಡುವೆ ಬಾಯಿ ಹಾಕಿ ಕಥೆಯ ರುಚಿ ಕೆಡಿಸುತ್ತೀಯ.

ಈ ಕಥೆಯನ್ನು ಮೊದಲು ಹೇಳಿದವಳು ಕ್ಲಿನಿಕ್ಕಿನ ನರ್ಸಮ್ಮ, ಮೊನ್ನೆ ಗುರುವಾರ ಬೆಳಿಗ್ಗೆ. ಕೇಳಿದವರು ನನ್ನ ಜೊತೆಗೇ ಡಿಪೋದಿಂದ ನಿವೃತ್ತರಾದ ಇಬ್ಬರು ಪುಣ್ಯಾತ್ಮರು, ಡ್ರೈವರ್ ಮತ್ತು ಕಂಡಕ್ಟರ್. ಕಥಾನಾಯಕ ನಾನೇ. ಬೇರೆಯವರ ಬಾಯಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿ ಮರ್ಯಾದೆ ಉಳಿಸಿಕೊಳ್ಳುತ್ತೇನೆ.

ನೀನು ಬಾಣಂತನಕ್ಕೆಂದು ಹೊರಟ ವಾರ ಡಾಕ್ಟರು ಅಂದದ್ದು ನೆನಪಿದೆಯಲ್ಲ? "ಈ ಬಿ.ಪಿ., ಈ ಸಕ್ಕರೆ ಇಟ್ಕೊಂಡು ಒಬ್ರೇ ಎರಡು ದಿನದ ರೈಲು ಹತ್ತೋದು ಬೇಡ. ಮೂರು ತಿಂಗಳಲ್ಲಿ ಇಳಿಸ್ಕೊಂಡು ಬನ್ನಿ, ಆಮೇಲೆ ನೋಡೋಣ." ಮೊಮ್ಮಗಳ ಮುಖ ನೋಡಲಿಕ್ಕೆ ಅಜ್ಜನಿಗೆ ಪರೀಕ್ಷೆ! ಕೈಗೊಂದು ಹಾಳೆ ಕೊಟ್ಟಿದ್ದರು. ಮೆಡಿಟರೇನಿಯನ್ ಸಮುದ್ರದ ಸುತ್ತಮುತ್ತ ಹಿಂದಿನವರು ಉಣ್ಣುತ್ತಿದ್ದ ಕ್ರಮವಂತೆ. ತರಕಾರಿ, ಕಾಳು, ಹಣ್ಣು, ತವುಡು ತೆಗೆಯದ ಧಾನ್ಯ, ವಾರಕ್ಕೆರಡು ಸಲ ಮೀನು, ಉಪ್ಪು ಹಾಕದ ಅಕ್ರೋಟ, ಆಲಿವ್ ಎಣ್ಣೆ, ದಿನಾ ನಡಿಗೆ ಎಂದೆಲ್ಲ ಇತ್ತು. ಕೊನೆಯ ಸಾಲು, ಒಬ್ಬರೇ ಕೂತು ಉಣ್ಣಬೇಡಿ ಎಂದು. ಇಷ್ಟೆಲ್ಲದರಲ್ಲಿ ನನ್ನ ಕಣ್ಣು ಹೋಗಿ ನಿಂತದ್ದು ಎಣ್ಣೆಯ ಮೇಲೆ. ನಲವತ್ತು ವರ್ಷ ಬಸ್ಸಿನ ಕೆಳಗೆ ಮಲಗಿದ ಮೆಕ್ಯಾನಿಕ್‌ಗೆ ಬೇರೇನು ಕಂಡೀತು? ಎಂಜಿನ್ ಕೊರಗಿದರೆ ಎಣ್ಣೆ, ಅಷ್ಟೇ ತಾನೆ. ದಿನಾ ಬೆಳಿಗ್ಗೆ ನಾಲ್ಕು ಚಮಚ ಅಳೆದು ಗಟಗಟನೆ ಕುಡಿದೆ. ಕುಡಿದಾದ ಮೇಲೆ ಎಂದಿನಂತೆ ಬೆಣ್ಣೆ ಮೆತ್ತಿದ ಬ್ರೆಡ್ಡು, ಕರಿದ ಆಲೂಗಡ್ಡೆ, ಚಹಾಕ್ಕೆ ಅದ್ದಿದ ಬಿಸ್ಕತ್ತು.

ತಿಂಗಳು ಕಳೆದು ತೋರಿಸಲು ಹೋದರೆ ತೂಕ ಎರಡು ಕಿಲೋ ಏರಿದೆ, ಸಕ್ಕರೆ ಅದರ ಹಿಂದೆಯೇ ಏರಿದೆ, ಬಿ.ಪಿ. ಕದಲಿಲ್ಲ. ಪುಟಾಣಿ ಕೂತು, ತೆವಳಿ, ಓಡಾಡುವ ಹೊತ್ತಿಗೂ ನಾನು ಇಲ್ಲೇ ಅವಳ ಫೋಟೋ ಒರೆಸುತ್ತ ಇರುತ್ತೇನೆಂದು ತೋರಿತು. ಆ ಸಿಟ್ಟನ್ನೆಲ್ಲ ನರ್ಸಮ್ಮನ ಮೇಲೆ ಕಾರಿದೆ, ನಿಮ್ಮ ಹಾಳೆಯೇ ಸುಳ್ಳು ಎಂದೆ. ಅವಳು ಬೇಜಾರು ಮಾಡಿಕೊಳ್ಳದೆ ತಿಂದದ್ದನ್ನೆಲ್ಲ ಒಪ್ಪಿಸಲು ಹೇಳಿದಳು. ಎದೆಯುಬ್ಬಿಸಿ ಒಪ್ಪಿಸಿದೆ. ಪೆನ್ನು ಕೆಳಗಿಟ್ಟು ಕೇಳಿದಳು: "ಅಲ್ಲ ಯಜಮಾನ್ರೇ, ಬಸ್ಸಿಗೆ ಹೊಸ ಎಣ್ಣೆ ಹಾಕೋವಾಗ ಹಳೇದನ್ನ ಏನ್ ಮಾಡ್ತಿದ್ರಿ?" ಇಳಿಸುತ್ತಿದ್ದೆವು ಎಂದೆ. ಅಂದವನ ಬಾಯಿ ಹಾಗೇ ತೆರೆದುಕೊಂಡಿತು. "ಬೆಣ್ಣೆ ಬದಲಿಗೆ ಅಂತ ನಾವು ಬರ್ದಿದ್ದು. ಬೆಣ್ಣೆ ಮೇಲೆ ಅಂತ ಅಲ್ಲ!" ಇದೇ ತಪ್ಪಿಗೆ ನಾನು ಎಷ್ಟು ಜನರ ಜನ್ಮ ಜಾಲಾಡಿದ್ದೇನೆ, ನಿನಗೇ ಗೊತ್ತು.

ಅವತ್ತೇ ಬೆಣ್ಣೆ, ಬಿಸ್ಕತ್ತು ಎಲ್ಲ ಮನೆಯಿಂದ ಆಚೆ ಹೋದವು. ಕಾಳು ನೆನೆಹಾಕಿ, ಈರುಳ್ಳಿ, ಟೊಮ್ಯಾಟೊ, ಸೊಪ್ಪು ಹೆಚ್ಚಿ ನಾನೇ ಬೇಯಿಸಿದೆ. ಒಬ್ಬನೇ ಉಣ್ಣಬಾರದಲ್ಲ, ಡ್ರೈವರ್, ಕಂಡಕ್ಟರ್ ಇಬ್ಬರನ್ನೂ ಕರೆದೆ. ಮೊದಲ ದಿನದ ಕಾಳು ಬೇರಿಂಗಿನ ಗುಂಡುಗಳೇ ಸರಿ. "ಇದನ್ನ ಅಗಿಯೋಕೆ ಹಲ್ಲು ಸಾಲಲ್ಲ ಕಣೋ, ಗಿಯರ್ ಬಾಕ್ಸ್ ಬೇಕು" ಎಂದ ಕಂಡಕ್ಟರ್. ಡ್ರೈವರ್ ತಟ್ಟೆ ನೋಡಿ "ಮೇಕೆಗೆ ಎತ್ತಿಟ್ಟಿದ್ದು ನಂಗ್ಯಾಕೋ ಹಾಕ್ದೆ?" ಎಂದ. ವಾರದೊಳಗೆ ಇಬ್ಬರೂ ಬ್ರೆಡ್ಡಿನ ತುಂಡಿನಿಂದ ತಟ್ಟೆ ಒರೆಸಿ ತಿನ್ನತೊಡಗಿದರು. ಉಂಡಾದ ಮೇಲೆ ಮೂವರೂ ಮಾರುಕಟ್ಟೆಯ ತನಕ ನಡೆದು ಬರುವುದು. ನಾನು ನಿಂತರೆ ಸಾಕು, ಹಿಂದಿನಿಂದ ಕಂಡಕ್ಟರ್ "ರೈಟ್, ರೈಟ್!" ಎಂದು ಕೂಗುತ್ತಾನೆ, ಬೀದಿಯವರೆಲ್ಲ ತಿರುಗಿ ನೋಡುತ್ತಾರೆ. ಮಾತ್ರೆ ಒಂದು ದಿನವೂ ತಪ್ಪಿಸಿಲ್ಲ, ಹುಬ್ಬು ಗಂಟಿಕ್ಕಬೇಡ.

ಮೊನ್ನೆ ಪರೀಕ್ಷೆಗೆ ಇಬ್ಬರೂ ಜೊತೆಗೆ ಬಂದರು. ಬಿ.ಪಿ. ನೂರ ಎಪ್ಪತ್ತರಿಂದ ನೂರ ಮೂವತ್ತೆರಡಕ್ಕೆ ಇಳಿದಿದೆ. ಸಕ್ಕರೆಯೂ ಮರ್ಯಾದೆಯಿಂದ ಗೆರೆಯೊಳಗೆ ಬಂದಿದೆ. ಬೆಲ್ಟಿಗೆ ಒಳಗಡೆ ಎರಡು ಹೊಸ ತೂತು ಕೊರೆದಿದ್ದೇನೆ. ಈ ಖುಷಿಯಲ್ಲೇ ನರ್ಸಮ್ಮ ನನ್ನ ಎಣ್ಣೆಪುರಾಣ ಬಿಚ್ಚಿದ್ದು. ಕಂಡಕ್ಟರ್ ನಕ್ಕು ನಕ್ಕು ಬೆಂಚಿನಿಂದ ಜಾರಿದ. ಡ್ರೈವರ್ ಮಾತ್ರ ಇದ್ದಕ್ಕಿದ್ದ ಹಾಗೆ ನಗು ನಿಲ್ಲಿಸಿ, "ಬದಲಿಗೆ ಅಂದ್ರಾ?" ಎಂದು ಮೆಲ್ಲಗೆ ಕೇಳಿದ. ಆಮೇಲೆ ಹೊರಬಿತ್ತು ಗುಟ್ಟು. ಆಸಾಮಿ ದಿನಾ ನನ್ನ ಮೇಜಿನಲ್ಲಿ ಕಾಳು ಉಂಡು, ಮನೆಗೆ ಹೋಗಿ ಹೆಂಡತಿ ಮಾಡಿದ್ದನ್ನೂ ಉಣ್ಣುತ್ತಿದ್ದನಂತೆ! "ಅವಳು ಬೇಜಾರ್ ಮಾಡ್ಕೋತಾಳೆ ಕಣೋ" ಎಂದ ಪಾಪ. ಕಂಡಕ್ಟರ್ ಮತ್ತೆ ಜಾರಿದ.

ಮಗಳಿಗೂ ಅಳಿಯನಿಗೂ ನನ್ನ ಆಶೀರ್ವಾದ ಹೇಳು. ಪುಟಾಣಿಯ ಎರಡೂ ಕೆನ್ನೆಗೆ ಒಂದೊಂದು ಮುತ್ತು, ನನ್ನ ಲೆಕ್ಕದಲ್ಲಿ. ಮೊಣಕಾಲಿಗೆ ಬಿಸಿನೀರಿನ ಶಾಖ ಕೊಡುವುದನ್ನು ಮರೆಯಬೇಡ.

ನಿನ್ನವನೇ ಆದ,
ಎರಡು ತೂತು ತೆಳ್ಳಗಾದ ಮೆಕ್ಯಾನಿಕ್

ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಯಿತು. ಡಾಕ್ಟರು ಒಪ್ಪಿದರು! ಬರುವ ಶನಿವಾರದ ರೈಲು, ಕಿಟಕಿ ಪಕ್ಕದ ಸೀಟು. ಸೋಮವಾರ ಬೆಳಿಗ್ಗೆ ನಿಮ್ಮ ಬಾಗಿಲು ತಟ್ಟುತ್ತೇನೆ, ಪುಟಾಣಿಯನ್ನು ಎತ್ತಿಕೊಂಡು ನೀನೇ ತೆಗೆಯಬೇಕು. ಟಿಕೆಟ್ಟಿಗೆಂದು ನಿನ್ನೆ ಬೆಳಿಗ್ಗೆ ಬೇಗನೆ ಕ್ಲಿನಿಕ್ಕಿನ ಮುಂದಿನಿಂದ ಹೋದೆ. ಇನ್ನೂ ಬೀಗ ತೆಗೆದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಡ್ರೈವರ್, ಕಂಡಕ್ಟರ್ ಇಬ್ಬರೂ ಬಿ.ಪಿ. ನೋಡಿಸಲು ಅಂಗಿಯ ತೋಳು ಮಡಚಿಕೊಂಡು, ನನ್ನ ಕಣ್ಣು ತಪ್ಪಿಸುತ್ತ ಕೂತಿದ್ದರು. ಡ್ರೈವರನ ಪಕ್ಕದಲ್ಲಿ ಅವನ ಹೆಂಡತಿ, ಅವಳ ಕೈಯಲ್ಲಿ, ಮೊನ್ನೆ ಡ್ರೈವರ್ ಇಸ್ಕೊಂಡು ಹೋಗಿದ್ದ ನನ್ನ ಊಟದ ಹಾಳೆ.