ಒಲೆ ಕೆಟ್ಟದ್ದು ನಿನ್ನಿಂದಲ್ಲ, ಅಜ್ಜಿ

ಪ್ರೀತಿಯ ಮಬ್ರೂಕಾ ಅಜ್ಜಿಗೆ,

ಸ್ಫಾಕ್ಸ್‌ನಿಂದ ನಿನ್ನ ಮೊಮ್ಮಗಳ ಸಲಾಮು. ಇದನ್ನು ಇಲ್ಲಿಂದ ತಂದು ನಿನಗೆ ಓದಿ ಹೇಳುವವನು ನಿನ್ನ ಮಗ ಹಮ್ಮಾದಿಯೇ. ಅಪ್ಪಾ, ನಾಚಿಕೊಂಡು ಸಾಲು ಹಾರಿಸಬೇಡ. ಅಜ್ಜಿಗೆ ನಿನ್ನ ಮುಖ ನೋಡಿದರೇ ಗೊತ್ತಾಗುತ್ತದೆ.

ಇಲ್ಯೆಸ್ ನನ್ನ ತೊಡೆಯ ಮೇಲೆ ಮಲಗಿದ್ದಾನೆ. ಅವನಿಗೆ ಮೂವತ್ತೆಂಟು ದಿನ; ನಾನು ನೆಟ್ಟಗೆ ನಿದ್ದೆ ಮಾಡಿಯೂ ಅಷ್ಟೇ ದಿನವಾಯಿತು. ಮಲಗಿದರೆ ಉಸಿರಿದೆಯೋ ಎಂದು ಮೂಗಿನ ಬಳಿ ಬೆರಳು ಹಿಡಿಯುತ್ತೇನೆ, ಎದ್ದರೆ ಯಾಕೆ ಎದ್ದನೋ ಎಂದು ಹೆದರುತ್ತೇನೆ. ಏಳನೆಯ ದಿನದ ಶಾಸ್ತ್ರಕ್ಕೆ ನಿಮ್ಮ ಕರ್ಕೆನ್ನಾ ದ್ವೀಪದಿಂದ ಹಡಗಿನಲ್ಲಿ ಎಲ್ಲರೂ ಬಂದರು, ನೀನು ಬರಲಿಲ್ಲ. ಎಳ್ಳು, ಬೆಣ್ಣೆ, ಜೇನು ಮಾತ್ರ ಸಾಲ್ಹಾ ಅತ್ತೆಯ ಕೈಲಿ ಬಂದವು. ನಮ್ಮ ಮನೆಯ ಬಾಣಂತಿಯರಿಗೆಲ್ಲ ಅವನ್ನು ಸೇರಿಸಿ ಝ್ರೀರ್ ಕಲಸಿದವಳು ನೀನು. ಫೋನ್ ಮಾಡಿದರೆ, "ನೀವೇ ಕಲಸ್ಕೊಳ್ಳಿ. ಈ ಕೈ ಕೂಸಿಗೆ ಒಳ್ಳೇದಲ್ಲ ಕಣೇ" ಅಂದೆ.

ತಪ್ಪು ನನ್ನದು. ನಾನಿನ್ನೂ ಬಸುರಿಯಾಗಿದ್ದಾಗ, ಆ ಶುಕ್ರವಾರ ನಿನ್ನ ಮನೆಯಲ್ಲಿ ಕುಸ್ಕುಸ್ ತಿನ್ನುತ್ತಾ ನನ್ನ ಪ್ರಯೋಗಾಲಯದ ಜಾಣತನ ತೋರಿಸಿದೆ. ಅಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಎಂದು ಗೊತ್ತಾಗಿ ವಾರವಾಗಿತ್ತಷ್ಟೆ. ಜೀವಕೋಶದೊಳಗೆ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ, ಈ ಕಾಯಿಲೆಯಲ್ಲಿ ಅವು ಬದಲಾಗುತ್ತವೆ, ಅವು ಮಕ್ಕಳಿಗೆ ಬರುವುದು ತಾಯಿಯಿಂದಲೇ ಅಂದೆ. ನೀನು ಚಮಚ ಕೆಳಗಿಟ್ಟೆ. "ಹಾಗಾದ್ರೆ ನಾನೇ ಕೊಟ್ಟಿದ್ದು ಅನ್ನು." ಅಪ್ಪ, "ಅಮ್ಮಾ, ನೀನು ಕೊಟ್ಟಿದ್ದು ಈ ಉದ್ದ ಮೂಗೊಂದೇ" ಎಂದ. ಎಲ್ಲರೂ ನಕ್ಕೆವು. ನೀನು ನಗಲಿಲ್ಲವೆಂಬುದು ನನಗಾಗ ಕಾಣಲಿಲ್ಲ.

ಅಂದು ಅರ್ಧ ಹೇಳಿದ್ದನ್ನು ಈಗ ಪೂರ್ತಿ ಮಾಡುತ್ತೇನೆ. ಪ್ರಾಸ್ಟೇಟ್ ಗ್ರಂಥಿಯ ಒಲೆಗಳ ಸ್ವಭಾವವೇ ಬೇರೆ. ನಿಂಬೆಯಲ್ಲಿರುವಂಥ ಒಂದು ಹುಳಿಯನ್ನು ಅವು ಉರಿಸುವುದಿಲ್ಲ; ವೀರ್ಯಕ್ಕೆಂದು ಉಳಿಸುತ್ತವೆ. (ಅಪ್ಪಾ, ಓದು, ಕೆಮ್ಮಬೇಡ.) ಕ್ಯಾನ್ಸರ್ ಆದಾಗ ಒಲೆಯ ಗುಣ ಬದಲಾಗಿ, ಅದೇ ಹುಳಿ ಉರಿದು, ಗಂಟು ಬೆಳೆಯುತ್ತದೆ. ಅಪ್ಪನ ಒಪ್ಪಿಗೆ ಪಡೆದು, ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟನ್ನೂ ಅವನ ರಕ್ತವನ್ನೂ ನಮ್ಮ ಪ್ರಯೋಗಾಲಯದಲ್ಲಿ ಹೋಲಿಸಿ ನೋಡಿದರು. ಮೊನ್ನೆ ಗೊತ್ತಾಯಿತು: ಗಂಟಿನ ಮೈಟೊಕಾಂಡ್ರಿಯದಲ್ಲಿರುವ ಬದಲಾವಣೆ ರಕ್ತದಲ್ಲಿಲ್ಲ. ನಿನ್ನಿಂದ ಬಂದದ್ದಾಗಿದ್ದರೆ ರಕ್ತದಲ್ಲೂ ಇರಬೇಕಿತ್ತು. ಅವನ ಅರವತ್ತಾರು ವರ್ಷಗಳಲ್ಲಿ ಯಾವಾಗಲೋ ಅಲ್ಲೇ ಹುಟ್ಟಿಕೊಂಡದ್ದು ಅದು. ನೀನು ಕೊಟ್ಟದ್ದು ಚೆನ್ನಾಗಿಯೇ ಇತ್ತು, ಅಜ್ಜಿ.

ನಿನ್ನ ಸಂಕಟ ನನಗೆ ಅರ್ಥವಾಗದೆ ಇಲ್ಲ. ಇಲ್ಯೆಸ್‌ನ ಕಣ್ಣು ಹಳದಿಯಾದಾಗ, ಬಸುರಿನಲ್ಲಿ ಕುಡಿದ ಕಾಫಿಯನ್ನೆಲ್ಲ ನೆನೆದು ನಾನೂ ಅತ್ತಿದ್ದೆ. ಮನೆಯಲ್ಲಿ ಏನು ಕಳೆದರೂ ನಾವು ತಾಯಂದಿರು ಮೊದಲು ನಮ್ಮ ಮಡಿಲನ್ನೇ ಕೊಡವಿ ನೋಡುತ್ತೇವೆ.

ಅಪ್ಪ ಈಗ ಆರಾಮಾಗಿದ್ದಾನೆ. ವೈದ್ಯರು ಇನ್ನು ಮೂರು ತಿಂಗಳು ಬರಬೇಡ ಎಂದಿದ್ದಾರೆ. ನಿನ್ನೆ ಇಲ್ಲಿ ಎರಡು ಮೀನು ಮುಗಿಸಿ ಮೂರನೆಯದಕ್ಕೆ ಕೈ ಹಾಕಿದ. ಯಾರನ್ನಾದರೂ ಬೈಯಲೇಬೇಕು ಅನ್ನಿಸಿದರೆ ಅವನನ್ನೇ ಬೈ. ವರ್ಷವಿಡೀ ರಾತ್ರಿ ಐದೈದು ಸಲ ಮೂತ್ರಕ್ಕೆ ಎದ್ದು, "ಕಲ್ಲಂಗಡಿ ತಿಂದೆ, ಅದಕ್ಕೆ" ಎಂದು ಚಳಿಗಾಲದಲ್ಲೂ ಸುಳ್ಳು ಹೇಳಿದವನು ಈಗ ನಿನ್ನ ಕೈಗೆಟಕುವಷ್ಟು ಹತ್ತಿರ ಕೂತಿದ್ದಾನೆ. ಕಿವಿ ಹಿಂಡು. ಆಮೇಲೆ ಇಬ್ಬರೂ ಹಡಗು ಹತ್ತಿ ಬನ್ನಿ.

ದೇವರು ನಿನ್ನ ಆಯಸ್ಸು ಹೆಚ್ಚಿಸಲಿ. ಬೈಗುಳವೆಲ್ಲ ನಿನ್ನ ಮಗನಿಗಿರಲಿ, ಹಾರೈಕೆಯೆಲ್ಲ ನನ್ನ ಮಗನಿಗಿರಲಿ.

ನಿನ್ನ
ಉಮೈಮಾ